ಆಂಪ್ಲಿಫೈಯರ್ ಒಳಗಿನ ಕಬ್ಬಿಣ

ಆಂಪ್ಲಿಫೈಯರ್ ಆರೂವರೆ ಸಾವಿರ, ಸ್ಪೀಕರ್ ಜೋಡಿ ಎಂಟು ಸಾವಿರ, ವೈರ್‌ಗೆ ಮುನ್ನೂರು. ಹರಿಹರದ ತನುಶ್ರೀಗೆ ನಾನು ಹೇಳಿದ ರೇಟು ಇಷ್ಟು. ಆಕೆ ನಗಲಿ ಎಂದು ವೈರ್‌ನ ಮುನ್ನೂರು ಬಿಟ್ಟೆ. ನಕ್ಕಳು.

ದಾವಣಗೆರೆಯಲ್ಲಿ ನಾನು ಕೆಲಸಕ್ಕಿದ್ದ ಅಂಗಡಿಗೆ ಬರುವವರು ಹಾಡು ಕೇಳುವ ಮೊದಲು ಪೆಟ್ಟಿಗೆ ಎತ್ತಿ ನೋಡುತ್ತಾರೆ. ಭಾರ ಇದ್ದರೆ ಗಟ್ಟಿ ಮಾಲು. ತನುಶ್ರೀಯೂ ಎತ್ತಿದಳು, ಬೆರಳಿನ ಗೆಣ್ಣಿನಿಂದ ಕುಟ್ಟಿದಳು. ಆಮೇಲೆ ಕಣ್ಣು ಮುಚ್ಚಿ ವಾಲ್ಯೂಮ್ ಗುಂಡಿ ತಿರುಗಿಸಿದಳು. ಆ ರೆಪ್ಪೆಗಳನ್ನೇ ನೋಡುತ್ತ ಬಿಲ್ಲಿನಲ್ಲಿ ತಾರೀಖು ತಪ್ಪು ಬರೆದೆ.

“ನಮ್ಮಪ್ಪಂದು ಮೋಟರ್ ರೀವೈಂಡಿಂಗ್ ಅಂಗಡಿ ರೀ. ನಾನೂ ತಂತಿ ಸುತ್ತೀನಿ. ಮೋಟರ್‌ನಾಗೆ ತೂಕ ಸುಳ್ಳು ಹೇಳಲ್ಲ. ಇದ್ರಾಗೂ ಹಂಗೇನಾ?”

“ಹಂಗೇ ರೀ,” ಎಂದೆ. ಹಾಗಲ್ಲ ಎಂದು ನನಗೆ ಗೊತ್ತಿತ್ತು.

ಹದಿನೈದು ದಿನಕ್ಕೆ ತನುಶ್ರೀಯ ಫೋನ್ ಬಂತು. “ಹನುಮೇಶ್ ಅವ್ರೆ, ಒಂದ್ಸಲ ಹರಿಹರಕ್ಕೆ ಬರ್ರಿ.” ಯಾಕೆಂದು ಕೇಳಲಿಲ್ಲ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದೆ.

ಅವಳ ಅಪ್ಪನ ಅಂಗಡಿಯ ಮೇಜಿನ ಮೇಲೆ ಆಂಪ್ಲಿಫೈಯರ್ ಬಿಚ್ಚಿಟ್ಟಿತ್ತು. ಒಳಗೆ ನಿಂಬೆಹಣ್ಣಿನಷ್ಟು ಟ್ರಾನ್ಸ್‌ಫಾರ್ಮರ್. ತಳಕ್ಕೆ, ಬರೀ ತೂಕಕ್ಕೆಂದು, ಗಮ್ ಹಾಕಿ ಅಂಟಿಸಿದ ಕಬ್ಬಿಣದ ದಪ್ಪ ತುಂಡು.

“ಬಾಳ ಬಿಸಿ ಆಗ್ತಿತ್ತು, ಬಿಚ್ಚಿದೆ. ಈ ಕಬ್ಬಿಣ ಯಾವ ಹಾಡು ಹಾಡ್ತೈತ್ರಿ?”

ಅವಳ ಅಪ್ಪ ರಾಮಚಂದ್ರಪ್ಪ ತಾಮ್ರದ ತಂತಿ ಸುತ್ತುತ್ತಲೇ ಹೇಳಿದರು, “ಆ ಹುಡುಗಂಗೇನು ಗೊತ್ತಿರ್ತೈತೆ ಬಿಡವ್ವ. ಕಂಪನಿಯೋರ ಕೆಲ್ಸ.”

ಹೌದು ಎಂದಿದ್ದರೆ ಮುಗಿಯುತ್ತಿತ್ತು. ತನುಶ್ರೀ ನನ್ನ ಮುಖ ನೋಡುತ್ತಿದ್ದಳು.

“ಗೊತ್ತಿತ್ತು ರೀ,” ಎಂದೆ. “ಮೂರು ವರ್ಷದಿಂದ ಗೊತ್ತೈತೆ.”

ರಾಮಚಂದ್ರಪ್ಪನವರ ಕೈ ನಿಂತಿತು.

“ನೀವು ಎತ್ತಿ ಖುಷಿ ಪಟ್ರಿ. ಅದನ್ನ ಕೆಡಿಸೋಕೆ ಮನಸ್ಸಾಗ್ಲಿಲ್ಲ.”

“ಮಾರಾಕೆ ಮಾತ್ರ ಮನಸ್ಸಾತು,” ಎಂದಳು.

ತಲೆ ಎತ್ತಲಾಗಲಿಲ್ಲ. ಬಿಚ್ಚಿದ ಮಾಲನ್ನು ಮಾಲೀಕರು ವಾಪಸ್ ತಗೊಳ್ಳುವುದಿಲ್ಲ. ಜೇಬಿನಲ್ಲೇ ಇದ್ದ ಆ ತಿಂಗಳ ಸಂಬಳದಿಂದ ಆರೂವರೆ ಸಾವಿರ ಮೇಜಿನ ಮೇಲಿಟ್ಟು ಹೊರಟೆ.

“ನಿಲ್ರಿ. ಭಾನುವಾರ ಬರ್ರಿ. ಇದಕ್ಕೆ ಸರಿಯಾದ ಟ್ರಾನ್ಸ್‌ಫಾರ್ಮರ್ ನಾನೇ ಸುತ್ತೀನಿ. ನೀವು ತಂತಿ ಹಿಡ್ಕಬೇಕು. ಸಡ್ಲ ಬಿಟ್ರೆ ಮೊದ್ಲಿಂದ ಸುತ್ತಬೇಕಾಗ್ತೈತೆ,” ಎಂದಳು ತನುಶ್ರೀ.

ಆ ಭಾನುವಾರ ಎರಡು ಸಲ ಸಡಿಲ ಬಿಟ್ಟೆ. ಎರಡನೆಯದು ಬೇಕೆಂದೇ. ಅವಳಿಗೂ ತಿಳಿಯಿತು; ತುಟಿ ಕಚ್ಚಿಕೊಂಡು ಮತ್ತೆ ಸುತ್ತಿದಳು.

ಅಂಗಡಿಯಲ್ಲಿ ಗಿರಾಕಿಗಳಿಗೆ ನಿಜ ಹೇಳತೊಡಗಿದೆ. ತಿಂಗಳಾಗುವಷ್ಟರಲ್ಲಿ ಮಾಲೀಕರು ಕೆಲಸದಿಂದ ಬಿಡಿಸಿದರು. ಆ ಕಬ್ಬಿಣದ ತುಂಡು ಈಗ ರಾಮಚಂದ್ರಪ್ಪನವರ ಮೇಜಿನ ಮೇಲೆ ಬಿಲ್ಲುಗಳು ಹಾರದಂತೆ ಕೂತಿದೆ. ನಾನು ಆ ಕಡೆ ನೋಡುವುದಿಲ್ಲ.

ಆರೂವರೆ ಸಾವಿರ ಹೋಯಿತು, ಕೆಲಸವೂ ಹೋಯಿತು. ತನುಶ್ರೀ ಸಿಕ್ಕಳು. ನಾಚಿಕೆ ಮಾತ್ರ ಇನ್ನೂ ಹೋಗಿಲ್ಲ.