ಇಪ್ಪತ್ತು ಕನೆಕ್ಷನ್

ಇವತ್ತಾದರೂ ಹೇಳಿಬಿಡಲೇ? ಹೇಳಿದರೆ ನಗುತ್ತಾಳೋ, ಎದ್ದೇ ಹೋಗುತ್ತಾಳೋ? ದಾವಣಗೆರೆಯಿಂದ ಹರಿಹರಕ್ಕೆ ಹೊರಟ ಬಸ್ಸಿನಲ್ಲಿ ಕೊಟ್ಟೂರೇಶ್ ಮತ್ತೆ ಅದನ್ನೇ ಯೋಚಿಸುತ್ತಿದ್ದ.

ಹರಿಹರದ ರಕ್ತಪರೀಕ್ಷೆಯ ಲ್ಯಾಬಿಗೆ ಜಾವಾದಲ್ಲಿ ವೆಬ್ ಅಪ್ಲಿಕೇಶನ್ ಬರೆದುಕೊಟ್ಟವನು ಅವನೇ. ವಾರಕ್ಕೆರಡು ಸಲ ಅದು ನಿಂತುಹೋಗುತ್ತಿತ್ತು. ಕಾರಣ ಅವನಿಗೆ ಮೊದಲ ವಾರವೇ ಸಿಕ್ಕಿತ್ತು. ಕೌಂಟರಿನಲ್ಲಿ ಹೊಡೆದ ರಿಪೋರ್ಟ್ ನಂಬರ್ ಡೇಟಾಬೇಸಿನಲ್ಲಿ ಇಲ್ಲದಿದ್ದರೆ ಅವನ ಕೋಡ್ ಅರ್ಧದಲ್ಲೇ ಹೊರಬೀಳುತ್ತಿತ್ತು. ಡೇಟಾಬೇಸಿಗೆ ತೆರೆದ ಕನೆಕ್ಷನ್ ಮುಚ್ಚದೆ ಉಳಿಯುತ್ತಿತ್ತು. ಇದ್ದದ್ದೇ ಇಪ್ಪತ್ತು ಕನೆಕ್ಷನ್. ಇಪ್ಪತ್ತು ತಪ್ಪು ನಂಬರಾದರೆ ಎಲ್ಲವೂ ಸ್ತಬ್ಧ. ಎರಡು ಸಾಲು ತಿದ್ದಿದರೆ ಮುಗಿಯುತ್ತಿತ್ತು.

ಅವನು ತಿದ್ದಲಿಲ್ಲ. ಮೇಜಿನ ಕೆಳಗಿದ್ದ ಸರ್ವರನ್ನು ರೀಸ್ಟಾರ್ಟ್ ಮಾಡಿ ಬರುತ್ತಿದ್ದ. ತಿದ್ದಿಬಿಟ್ಟರೆ ಕೌಂಟರಿನ ಕೃತಿಕಾಳನ್ನು ನೋಡಲು ಬೇರೆ ನೆಪ ಎಲ್ಲಿತ್ತು?

"ಬರ್ರಿ ಡಾಕ್ಟ್ರೇ, ನಿಮ್ ಪೇಷಂಟ್ ಮತ್ತೆ ಮಲ್ಕೊಂಡೈತೆ," ಅಂದಳು ಅವಳು, ಕುರ್ಚಿ ಸರಿಸುತ್ತ.

"ಏನ್ ತಿನ್ಸಿದ್ರಿ ಅದಕ್ಕೆ?"

"ನಿಮ್ ಕೋಡ್ ತಿಂದೂ ಇಷ್ಟ್ ದಿನ ಬದುಕೈತಲ್ಲ, ಅದೇ ದೊಡ್ಡದು ಬಿಡ್ರಿ."

ಅವನು ಮೇಜಿನ ಕೆಳಗೆ ತೂರಿದರೆ ಮೊಬೈಲ್ ಟಾರ್ಚ್ ಹಿಡಿಯುವವಳು ಅವಳೇ. ಬೆಳಕು ಎಷ್ಟೋ ಸಲ ಸರ್ವರ್ ಬಿಟ್ಟು ಅವನ ಮುಖದ ಮೇಲೆ ನಿಲ್ಲುತ್ತಿತ್ತು. ಅವನು ತಲೆಯೆತ್ತಿದರೆ, "ಕೈ ಅಳ್ಳಾಡ್ತು," ಅಂದು ಕೆಳದುಟಿ ಕಚ್ಚುತ್ತಿದ್ದಳು.

ಅವತ್ತು ಟಾರ್ಚ್ ಅಳ್ಳಾಡಲಿಲ್ಲ.

"ಒಂದ್ ಮಾತು ಕೇಳ್ಲೇನ್ರಿ? ಚೀಟಿ ಮೇಲಿನ ಏಳು ನಂಗೆ ಒಂದರಂಗೆ ಕಾಣ್ತೈತೆ. ನಾನು ತಪ್ಪು ನಂಬರ್ ಹೊಡೆದ ದಿನಾನೇ ಇದು ಜಾಸ್ತಿ ನಿಲ್ತೈತೆ. ಹಂಗಾದ್ರೆ ನನ್ನಿಂದಾನೇ ಅಲ್ವಾ?"

ಅವನು ಬಾಯಿ ತೆರೆದ. ಅಷ್ಟರಲ್ಲಿ ಲ್ಯಾಬಿನ ಯಜಮಾನ ಕೆಂಚವೀರಪ್ಪ ಒಳಗೆ ಬಂದರು. ಅವಳ ಮಾತು ಅವರ ಕಿವಿಗೆ ಬಿದ್ದಿತ್ತು.

"ಹೌದೇನ್ರಿ ಕೊಟ್ಟೂರೇಶ್? ಇದೆಲ್ಲ ಈ ಹುಡುಗಿ ಕೈಗುಣಾನಾ?"

"ನೋಡ್ಬೇಕ್ರಿ ಸರ್," ಅಂದ ಕೊಟ್ಟೂರೇಶ್. ಅಷ್ಟೇ ಅಂದ.

ಅಷ್ಟೇ ಸಾಕಾಯಿತು. ಮರುದಿನ ಕೌಂಟರಿಗೆ ಭಾಗ್ಯಲಕ್ಷ್ಮಿ ಎಂಬ ಹೊಸಬಳು ಬಂದಳು. ಕೃತಿಕಾಳನ್ನು ಸೀಸೆಗಳಿಗೆ ಲೇಬಲ್ ಅಂಟಿಸಲು ಹಿಂದಿನ ಕೋಣೆಗೆ ಕಳಿಸಿದರು. ಸುದ್ದಿ ತಿಳಿದ ಕೊಟ್ಟೂರೇಶ್ ಎಸ್.ಎಸ್. ಬಡಾವಣೆಯ ತನ್ನ ಆಫೀಸಿನಲ್ಲಿ ಆ ಎರಡು ಸಾಲು ಬರೆದ. ಬಸ್ಸು ಹಿಡಿದು ಹೋಗಿ ಸರ್ವರಿಗೆ ಹಾಕಿದ. ಟಾರ್ಚ್ ಹಿಡಿಯಲು ಯಾರೂ ಇರಲಿಲ್ಲ.

"ಏನ್ ಮಾಡಿದ್ರಿ?" ಕೇಳಿದರು ಕೆಂಚವೀರಪ್ಪ.

"ಸುಮ್ನೆ ಚೆಕ್ ಮಾಡ್ದೆ ಸರ್."

ಅಪ್ಲಿಕೇಶನ್ ಆಮೇಲೆ ಒಮ್ಮೆಯೂ ನಿಲ್ಲಲಿಲ್ಲ. "ಹುಡುಗಿ ಬದಲಾದ್ಲು, ಸರಿಹೋತು ನೋಡ್ರಿ," ಎಂದು ಕೆಂಚವೀರಪ್ಪ ಕಂಡವರಿಗೆಲ್ಲ ಹೇಳಿದರು. ಅವನು ತಡವಾಗಿ ತಿದ್ದಿದ್ದೇ ಅವಳ ವಿರುದ್ಧ ಸಾಕ್ಷಿಯಾಯಿತು.

ತಿಂಗಳಾದ ಮೇಲೆ ಹರಿಹರದ ಬಸ್ ಸ್ಟ್ಯಾಂಡಿನಲ್ಲಿ ಅವಳೇ ಸಿಕ್ಕಳು. ಬೆರಳ ತುದಿಯಲ್ಲಿ ಲೇಬಲ್ಲಿನ ಅಂಟು ಒಣಗಿತ್ತು.

"ಮುಖ ಯಾಕ ಸಣ್ಣದು ಮಾಡ್ತೀರಿ? ತಪ್ಪು ನಂದೇ ಇತ್ತಲ್ಲ. ಅಷ್ಟ್ ಸಲ ಓಡಿ ಬಂದ್ರಿ, ಒಂದ್ ದಿನಾನೂ ಬೈಲಿಲ್ಲ. ಅದಕ್ಕೇ ನಂಗೆ ನೀವಂದ್ರೆ..." ಅವಳು ಅಲ್ಲಿಗೇ ನಿಲ್ಲಿಸಿ, ಅವನನ್ನು ಬಿಟ್ಟು ಬಸ್ಸಿನ ಬೋರ್ಡ್ ನೋಡತೊಡಗಿದಳು.

"ನಂಗೂ ನೀವಂದ್ರೆ ಇಷ್ಟ," ಅಂದ ಅವನು. ಅದು ನಿಜವೇ ಆಗಿತ್ತು.

ಮರುವರ್ಷ ಅವರ ಮದುವೆಯಾಯಿತು. ಮನೆಯಲ್ಲಿ ಮಿಕ್ಸಿ ಕೆಟ್ಟರೂ ಕೃತಿಕಾ ಈಗಲೂ ನಗುತ್ತಾಳೆ: "ನನ್ ಕೈಗುಣಾನೇ ಹಂಗೆ ಬಿಡ್ರಿ."

ಅವತ್ತಿನ ತಪ್ಪು ತನ್ನದೆಂದು ಅವನು ಅವಳಿಗೆ ಹೇಳಲೇ ಇಲ್ಲ.