ಸಂಚಾಲಕರ ಹುಗ್ಗಿ

ದೇಶದ ಕಾಲೇಜು ಹುಡುಗರನ್ನೆಲ್ಲ ಒಂದೇ ದಾರಕ್ಕೆ ಪೋಣಿಸಿ ಊರೂರ ಸೇವೆಗೆ ಹಚ್ಚಬೇಕು ಎಂಬ ವಿಚಾರ ಈ ಭೂಮಂಡಲದಲ್ಲಿ ಮೊಟ್ಟಮೊದಲು ಹೊಳೆದದ್ದು ಬಸವಕಲ್ಯಾಣದ ಪ್ರೊಫೆಸರ್ ಅಂಬರೀಷರಿಗೆ. ಹೊಳೆದ ಮೇಲೆ ಅವರೇನು ಸುಮ್ಮನೆ ಕೂರಲಿಲ್ಲ. ಅದರ ಮೇಲೆ ಭಾಷಣ ಮಾಡಿದರು. ಮದುವೆಯಲ್ಲಿ ಮಾಡಿದರು, ತೊಟ್ಟಿಲ ಕಾರ್ಯಕ್ರಮದಲ್ಲಿ ಮಾಡಿದರು, ಮುಡಬಿಯ ಹತ್ತಿರ ಬಸ್ಸು ಕೆಟ್ಟು ನಿಂತಾಗ ಡ್ರೈವರು ಗಾಡಿಯ ಕೆಳಗೆ ಮಲಗಿ ನಟ್ಟು ತಿರುಗಿಸುವಷ್ಟು ಹೊತ್ತೂ ಪ್ರಯಾಣಿಕರಿಗೆ ಮಾಡಿದರು. ಹತ್ತು ವರ್ಷ ಅವರ ಬಾಯಿಂದ ಹೊರಟ ಗಾಳಿಯನ್ನು ಹಿಡಿದಿಟ್ಟಿದ್ದರೆ ಬೀದರ ಜಿಲ್ಲೆಗೆಲ್ಲ ಕರೆಂಟು ಕೊಟ್ಟು, ಉಳಿದದ್ದನ್ನು ಮಹಾರಾಷ್ಟ್ರಕ್ಕೆ ಮಾರಬಹುದಿತ್ತು.

ಆ ವಿಚಾರವನ್ನು ಕದ್ದವಳು ಹುಮನಾಬಾದದ ಜಗದೇವಿ. ಕದ್ದದ್ದೇ, ಅಂಬರೀಷರ ಮನಸ್ಸಿನ ನ್ಯಾಯಾಲಯದಲ್ಲಿ ಆ ತೀರ್ಪು ಎಂದೋ ಆಗಿಹೋಗಿತ್ತು. ಆಕೆಯೂ ಒಂದು ಕಾಲೇಜಿನ ಮೇಡಂ. ಮೈಕು ಕೈಗೆ ಕೊಟ್ಟರೆ ಹಾವು ಕೊಟ್ಟ ಹಾಗೆ ನಡುಗುವ ಹೆಂಗಸು. ಭಾಷಣ ಬರುವುದಿಲ್ಲವಲ್ಲ, ಅದಕ್ಕೆ ಫೋನು ಹಿಡಿದಳು. ಒಡಿಶಾದ ಒಂದು ಕಾಲೇಜು, ನಾಗಾಲ್ಯಾಂಡಿನ ಒಂದು ಕಾಲೇಜು, ಕೇರಳದ್ದೊಂದು ಎಂದು ಒಂದೊಂದನ್ನೇ ಮಾತಾಡಿಸಿದಳು. ಇಲ್ಲಿನ ಹುಡುಗರು ಅಲ್ಲಿ ಹೋಗಿ ನೆರೆ ನುಗ್ಗಿದ ಮನೆಗಳ ಕೆಸರು ಬಳಿದರು. ಅಲ್ಲಿನವರು ಇಲ್ಲಿ ಬಂದು ನಾರಾಯಣಪುರದ ಗುಡಿಯ ಸುತ್ತಲಿನ ಜಾಲಿ ಕಡಿದರು, ಚಿಟಗುಪ್ಪದ ಮುದುಕಿಯರಿಗೆ ಸಹಿ ಹಾಕುವುದನ್ನು ಕಲಿಸಿದರು. ನೋಡನೋಡುತ್ತ ಅದು ದೇಶದ ಮೂಲೆಮೂಲೆಗೂ ಹಬ್ಬಿ 'ಸೇವಾ ಜಾಲ' ಎಂದು ಹೆಸರಾಯಿತು. ಕೆಸರು ಬಳಿಯುವುದು ಕೂಲಿಯವರ ಕೆಲಸ, ವಿಚಾರ ಮಾಡುವುದು ಪ್ರೊಫೆಸರರ ಕೆಲಸ. ಈ ಸಣ್ಣ ವ್ಯತ್ಯಾಸವೂ ದೇಶಕ್ಕೆ ತಿಳಿಯಲಿಲ್ಲವಲ್ಲ ಎಂದು ಅಂಬರೀಷರು ದೇಶದ ಮೇಲೆಯೇ ಮುನಿಸಿಕೊಂಡರು.

ಜಾಲದ ಮೊದಲ ರಾಷ್ಟ್ರೀಯ ಸಮಾವೇಶ ಹುಮನಾಬಾದದಲ್ಲೇ, ಜಗದೇವಿಯ ಕಾಲೇಜಿನಲ್ಲೇ, ನಿಕ್ಕಿಯಾಯಿತು. ಕೊನೆಯ ದಿನ ಮಧ್ಯಾಹ್ನ ಊಟವಾದ ಮೇಲೆ ರಾಷ್ಟ್ರೀಯ ಸಂಚಾಲಕರ ಆಯ್ಕೆ. ಯಾರಾಗುತ್ತಾರೆ ಎಂಬುದು ಬಸ್‌ಸ್ಟ್ಯಾಂಡಿನ ಚಹಾದಂಗಡಿಯವನಿಗೂ ಗೊತ್ತಿತ್ತು. ಆಮಂತ್ರಣ ಪತ್ರಿಕೆಯಲ್ಲಿ ಅಂಬರೀಷರ ಹೆಸರು 'ಉಪಸ್ಥಿತರು' ಎಂಬಲ್ಲಿ, ಭೂತಗನ್ನಡಿಗೂ ನಾಚಿಕೆಯಾಗುವಷ್ಟು ಸಣ್ಣ ಅಕ್ಷರದಲ್ಲಿ, ಶಾಮಿಯಾನದವನ ಹೆಸರಿನ ನೆತ್ತಿಯ ಮೇಲೆ ಕುಳಿತಿತ್ತು.

ಪತ್ರಿಕೆ ಕೊಡಲು ಜಗದೇವಿ ತಾನೇ ಕಲ್ಯಾಣಕ್ಕೆ ಬಂದಿದ್ದಳು.

"ಕೊನೀ ದಿನ ನೀವು ನಾಕು ಮಾತು ಹೇಳಬೇಕ್ರಿ ಸರ್," ಎಂದಳು. "ಈ ವಿಚಾರ ನಾ ಮೊದಲ ಕೇಳಿದ್ದೇ ನಿಮ್ಮ ಬಾಯಿಂದ. ನೀವಿಲ್ಲಾಂದ್ರ ಹ್ಯಾಂಗ್ರಿ?"

"ನಾಕು ಯಾಕ ತಂಗಿ, ನಿಮ್ಮ ಸಲುವಾಗಿ ನಾಕು ಸಾವಿರ ಹೇಳತೀನಿ," ಎಂದರು ಅಂಬರೀಷರು. ಆಕೆ ಮೆಟ್ಟಿಲಿಳಿಯುವುದರೊಳಗೆ ನಿರ್ಧಾರವಾಗಿತ್ತು. ಕಳ್ಳಿ ಕಳವನ್ನು ಒಪ್ಪಿಕೊಂಡಳು. ಇನ್ನು ಶಿಕ್ಷೆಯೊಂದೇ ಬಾಕಿ.

ಕೊಲೆ? ಛೇ. ಕೊಲೆಯಾದವರಿಗೆ ಶ್ರದ್ಧಾಂಜಲಿ ಸಭೆ ನಡೆಯುತ್ತದೆ, ಅಲ್ಲಿ ಅವರನ್ನು ಹೊಗಳುತ್ತಾರೆ. ಸಾಯಿಸುವುದಕ್ಕಿಂತ ನಗೆಪಾಟಲು ಮಾಡುವುದು ಮೇಲು. ಸಮಾವೇಶದ ಅಡುಗೆಯ ಉಸ್ತುವಾರಿ ಜಗದೇವಿಯದೇ. ಕೊನೆಯ ದಿನದ ಊಟಕ್ಕೆ ಗೋಧಿ ಹುಗ್ಗಿ. ಬೆಲ್ಲದ ಸಿಹಿ, ಏಲಕ್ಕಿಯ ಘಮ, ಮೇಲೆ ತುಪ್ಪ. ಅದರೊಳಗೆ ಆನೆ ಬಿದ್ದರೂ ರುಚಿ ಗೊತ್ತಾಗದು. ಆ ಕೊಪ್ಪರಿಗೆಗೆ ಒಂದಿಷ್ಟು ಜಮಾಲಗೋಟದ ಪುಡಿ, ಅದೇ ಹೊಟ್ಟೆ ತೊಳೆಯುವ ಬೀಜ, ಬಿದ್ದರೆ ಸಾಕು. ಕಾಶ್ಮೀರದಿಂದ ಕನ್ಯಾಕುಮಾರಿಯವರೆಗಿನ ಪ್ರತಿನಿಧಿಗಳು ಆ ಕಾಲೇಜಿನ ನಾಲ್ಕೇ ನಾಲ್ಕು ಪಾಯಿಖಾನೆಗಳ ಮುಂದೆ ರಾಷ್ಟ್ರೀಯ ಏಕತೆಯಿಂದ ಸಾಲುಗಟ್ಟುತ್ತಾರೆ. ಒಂದು ಊಟ ನೆಟ್ಟಗೆ ಹಾಕಲಾರದವಳ ಕೈಗೆ ದೇಶದ ಜಾಲವನ್ನು ಯಾವ ಹುಚ್ಚ ಕೊಟ್ಟಾನು?

ಬೀಜ ತರಲು ಅಂಬರೀಷರು ಕಲ್ಯಾಣದ ಅಂಗಡಿಯ ಕಡೆ ಕಣ್ಣೂ ಹಾಯಿಸಲಿಲ್ಲ. ಬಸ್ಸು ಹತ್ತಿ, ತಲೆಗೆ ಟವೆಲ್ ಸುತ್ತಿ, ಚಿಟಗುಪ್ಪಕ್ಕೆ ಹೋದರು. ಅಲ್ಲಿ ಗಿಡಮೂಲಿಕೆ ಮಾರುವ ಅಲ್ತಾಫನಿಗೆ ಇವರ ಮುಖ ಗೊತ್ತಿಲ್ಲ.

"ಎತ್ತಿಗೆ ಹೊಟ್ಟಿ ಕಟ್ಟ್ಯಾದ," ಎಂದರು.

ಅಲ್ತಾಫ್ ಕೇಳಿದಷ್ಟನ್ನು ತೂಗಿ, ಹುಬ್ಬು ಏರಿಸಿದ. "ಇಷ್ಟ್ಯಾಕ್ರಿ ಸಾಹೇಬ್ರ? ಎತ್ತು ಒಂದೇ ಅದನೋ, ಊರ ದನಾ ಎಲ್ಲಾ ನಿಮ್ಮವೇನು?"

"ದೊಡ್ಡ ಎತ್ತು."

"ಹಂಗಿದ್ರ ಒಮ್ಮೆ ಕರಕೊಂಡು ಬರ್ರಿ, ನಮ್ಮ ಮಂದೀನೂ ನೋಡಲಿ. ಟಿಕೀಟ್ ಇಡ್ತೀನಿ!"

ಅಂಗಡಿಯ ಮುಂದೆ ಕುಳಿತವರೆಲ್ಲ ನಕ್ಕರು. ಅಂಬರೀಷರೂ ನಕ್ಕರು; ಇನ್ನೊಬ್ಬರ ದಡ್ಡತನಕ್ಕೆ ನಗುವುದು ಅವರಿಗೆ ಮೊದಲಿನಿಂದಲೂ ಸುಲಭ.

ಇಷ್ಟಕ್ಕೇ ನಿಲ್ಲಿಸಿದ್ದರೆ ಅವರಿಗೂ ಪುಡಾರಿಗಳಿಗೂ ಏನು ಫರಕು? ಕೆಡಿಸುವವನು ಸಾಮಾನ್ಯ; ಕೆಡಿಸಿ ಕಾಪಾಡುವವನು ನಾಯಕ. ಪರಿಚಯದ ನರ್ಸಿಂಗ್ ಹೋಮಿನವರಿಗೆ ಹೇಳಿ ಎರಡು ಆಂಬ್ಯುಲೆನ್ಸ್ ಗೊತ್ತು ಮಾಡಿದರು. ಊಟ ಒಂದು ಗಂಟೆಗೆ. ಪುಡಿ ತನ್ನ ಪ್ರತಾಪ ತೋರಿಸಲು ಸ್ವಲ್ಪ ಅವಕಾಶ ಕೊಟ್ಟು, ಗಾಡಿಗಳು ಮೂರಕ್ಕೆ.

"ಮೂರಂದ್ರ ಮೂರು. ಮುಂದೂ ಬ್ಯಾಡ, ಹಿಂದೂ ಬ್ಯಾಡ," ಎಂದು ಡ್ರೈವರನಿಗೆ ತಾಕೀತು ಮಾಡಿದರು. "ಗೇಟಿನೊಳಗ ಬಂದಕೂಡ್ಲೆ ಬ್ಯಾನರ್ ಬಿಚ್ಚಬೇಕು."

"ಪೇಷಂಟ್ ಯಾರದಾರ್ರಿ ಸರ್?"

"ದೇಶದ ತುಂಬ ಅದಾರ. ನೀ ಬಾ."

ಹೌದು, ಬ್ಯಾನರು. ಅವರ ಬುದ್ಧಿಯ ಕಳಸ ಅದೇ. 'ಹುಮನಾಬಾದ ಸಮಾವೇಶದ ಊಟದಿಂದ ಅಸ್ವಸ್ಥರಾದ ವಿದ್ಯಾರ್ಥಿಗಳಿಗೆ ಪ್ರೊ. ಅಂಬರೀಷ ಅವರಿಂದ ಉಚಿತ ತುರ್ತು ಸೇವೆ' ಎಂದು ಕನ್ನಡ, ಹಿಂದಿ, ಇಂಗ್ಲಿಷು ಮೂರರಲ್ಲೂ, ಜಾಲ ರಾಷ್ಟ್ರೀಯವಲ್ಲವೇ? ಎಡಕ್ಕೆ ಕೈಮುಗಿದ ಅಂಬರೀಷರು, ಬಲಕ್ಕೆ ಕಣ್ಣೊರೆಸಿಕೊಳ್ಳುವ ಅಂಬರೀಷರು. ಕಲಬುರಗಿಯಲ್ಲಿ ಮಾಡಿಸಿ, ಸುರುಳಿ ಸುತ್ತಿ, ಗೋಣಿಚೀಲದಲ್ಲಿ ತಂದು ಡ್ರೈವರನ ಕೈಗೆ ಒಪ್ಪಿಸಿದರು. ಇದನ್ನು ಮೊದಲೇ ಯಾಕೆ ಮಾಡಿಸಿದ್ದು ಎಂದು ಯಾರಾದರೂ ಕೇಳಿಯಾರೇ? ಅದನ್ನೂ ಯೋಚಿಸಿದ್ದರು. ಕೈಯಲ್ಲಿ ಚಂಬು ಹಿಡಿದು ಓಡುವವನು ಬ್ಯಾನರು ಯಾವಾಗ ಅಚ್ಚಾಯಿತು ಎಂದು ಕೇಳುವುದಿಲ್ಲ.

ಇನ್ನು ತಾವು ಎಲ್ಲಿರಬೇಕು? ವೇದಿಕೆಯ ಮೇಲೆ, ಮೈಕಿನ ಮುಂದೆ, ಎಲ್ಲರ ಕಣ್ಣೆದುರು. ಹನ್ನೆರಡಕ್ಕೆ ಶುರು ಮಾಡಿ, ಊಟದ ಹೊತ್ತನ್ನು ದಾಟಿ, ಸೈರನ್ ಕೇಳುವ ತನಕ ಇಳಿಯಬಾರದು. ತಮ್ಮ ಭಾಷಣ ಊಟದ ಹೊತ್ತಿಗೆ ಬಂದರೆ ಜನ ಏನು ಮಾಡುತ್ತಾರೆಂದು ಇಪ್ಪತ್ತು ವರ್ಷದ ಅನುಭವದಿಂದ ಬಲ್ಲರು: ಬಗ್ಗಿಕೊಂಡು, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು, ಒಬ್ಬೊಬ್ಬರಾಗಿ ಜಾರುತ್ತಾರೆ. ಕೇಳುವವರು ಹುಗ್ಗಿಯ ಕಡೆ, ಹೇಳುವವರು ಮೈಕಿನ ಕಡೆ. ಉಣ್ಣದಿದ್ದುದಕ್ಕೆ ಬೇರೆ ನೆಪವೇ ಬೇಡ.

ಆ ದಿನ ಬಂತು. ಬೆಳಿಗ್ಗೆ ಅಂಬರೀಷರು ನೇರ ಅಡುಗೆಯ ಶೆಡ್ಡಿಗೆ ಹೋದರು. ಅಡುಗೆಯ ಮಡೆಪ್ಪ ದೋಣಿಯ ಹುಟ್ಟಿನಂಥ ಸೌಟಿನಿಂದ ಹುಗ್ಗಿ ತಿರುವುತ್ತಿದ್ದ. ಕೊಪ್ಪರಿಗೆ ಎಷ್ಟು ದೊಡ್ಡದೆಂದರೆ ಅದರಲ್ಲಿ ಒಂದು ಮದುವೆಯ ದಿಬ್ಬಣಕ್ಕೇ ಒಮ್ಮೆಲೇ ಜಳಕ ಮಾಡಿಸಬಹುದಿತ್ತು.

"ಮಡೆಪ್ಪಾ, ಎಷ್ಟು ಬೆವತಿ! ಹೋಗಿ ನೀರು ಕುಡದು ಬಾ, ನಾ ತಿರುವತೀನಿ."

"ನೀವ್ಯಾಕ್ರಿ ಸರ್? ಬಿಳಿ ಅಂಗಿ ಅದ."

"ಸೇವಾ ಅಂದ್ರ ಇದೇ ಅಲ್ಲೇನೋ!"

ಮಡೆಪ್ಪ ಕೈಮುಗಿದು ಹೊರಗೆ ಹೋದ. ಪುಡಿ ಒಳಗೆ ಹೋಯಿತು. ಅವನು ಮೀಸೆ ಒರೆಸುತ್ತ ಬಂದಾಗ ಪ್ರೊಫೆಸರರು ಭಕ್ತಿಯಿಂದ ಸೌಟು ಆಡಿಸುತ್ತಿದ್ದರು. ಹತ್ತು ವರ್ಷದ ಸೇವಾಚರಿತ್ರೆಯಲ್ಲಿ ಅವರು ಕೈಯಾರೆ ಮಾಡಿದ ಮೊದಲ ಕೆಲಸ ಅದು.

ಹನ್ನೆರಡಕ್ಕೆ ಮೈಕು ಹಿಡಿದರು. ಜಗದೇವಿಯನ್ನು ಹೊಗಳಿದರು. ನಾಳೆ ಯಾರೂ ತಮ್ಮ ಕಡೆ ಬೊಟ್ಟು ಮಾಡದಂತೆ, ಗಂಗೆ, ತುಂಗೆ, ಕಾರಂಜಾ ಎಲ್ಲ ನದಿಗಳಿಗೂ ಹೋಲಿಸಿ ಹೊಗಳಿದರು. ಮುಂದಿನ ಸಾಲಿನಲ್ಲಿ ಆಕೆ ತಲೆ ತಗ್ಗಿಸಿದಳು. ನಿರೂಪಣೆಯ ಹುಡುಗಿ ರೂಪಾಲಿ ಒಂದು ಚೀಟಿ ತಂದಿಟ್ಟಳು. ಅಭಿಮಾನಿಗಳ ಕೋರಿಕೆ ಇರಬೇಕೆಂದು ನೀರಿನ ಲೋಟದ ಕೆಳಗೆ ಒತ್ತಿದರು. ಇನ್ನೊಂದು ತಂದಳು, ಅದನ್ನೂ ಒತ್ತಿದರು. ಒಂದು ಗಂಟೆ ದಾಟಿತು. ವೇದಿಕೆಯ ದೀಪಗಳು ಕಣ್ಣು ಕುಕ್ಕುತ್ತಿದ್ದವು. ಕೈ ಅಡ್ಡ ಹಿಡಿದು ನೋಡಿದರೆ, ಕುರ್ಚಿಗಳೆಲ್ಲ ತುಂಬಿವೆ! ಯಾರೂ ಉಣ್ಣಲು ಏಳಲೇ ಇಲ್ಲವೇ? ಆಮೇಲೆ ಹೊಳೆಯಿತು: ತಂಡತಂಡವಾಗಿ ಹೋಗಿ, ಗಬಗಬ ಉಂಡು, ತಮ್ಮ ಮಾತಿಗಾಗಿ ಓಡಿ ಬಂದು ಕೂರುತ್ತಿದ್ದಾರೆ. ಜೀವಮಾನದಲ್ಲಿ ಇಂಥ ಸಭೆ ಸಿಕ್ಕಿರಲಿಲ್ಲ. ಅವರು ಉಸಿರು ತೆಗೆದುಕೊಳ್ಳಲು ನಿಂತರೆ ಸಾಕು, ಕನ್ನಡದ ಒಂದಕ್ಷರ ಬಾರದ ನಾಗಾಲ್ಯಾಂಡಿನ ಹುಡುಗರೂ ಎದ್ದು ನಿಲ್ಲುವ ಹಾಗೆ ಚಪ್ಪಾಳೆ ಹೊಡೆಯುತ್ತಿದ್ದರು. ಅಂಬರೀಷರು ಹಿಗ್ಗಿದರು. ಪಾಪ, ಈ ಮಕ್ಕಳು ಇನ್ನರ್ಧ ಗಳಿಗೆಯಲ್ಲಿ ಪಡಬಹುದಾದ ಪಾಡು ನೆನೆದು ಒಂದು ಕ್ಷಣ ಮರುಕವೂ ಬಂತು. ಮರುಕದಲ್ಲಿ ದನಿ ಇನ್ನೂ ಚೆಂದ ಬಂತು. ಮುಂದುವರಿಸಿದರು.

ಮೂರಕ್ಕೆ ಸರಿಯಾಗಿ ಸೈರನ್ ಕೇಳಿತು. ಅಂಬರೀಷರು ಎದೆಯ ಮೇಲೆ ಕೈಯಿಟ್ಟು, "ಏನಾಯ್ತು? ನನ್ನ ಮಕ್ಕಳಿಗೆ ಏನಾಯ್ತು?" ಎಂದು ಮೈಕಿನಲ್ಲೇ ಕೂಗಿ, ಎಲ್ಲರಿಗಿಂತ ಮುಂದೆ ಅಂಗಳಕ್ಕೆ ಓಡಿದರು. ಹಿಂದೆ ಇಡೀ ಭಾರತ ಓಡಿಬಂತು. ಡ್ರೈವರು ಹೇಳಿದ ಮಾತು ತಪ್ಪದ ಮನುಷ್ಯ. ಇಳಿದವನೇ ಬ್ಯಾನರು ಬಿಚ್ಚಿ, ಎರಡು ಗಾಡಿಗಳ ನಡುವೆ ಎಳೆದು ಕಟ್ಟಿದ. ಕನ್ನಡದವರು ಕನ್ನಡದಲ್ಲಿ ಓದಿದರು, ಹಿಂದಿಯವರು ಹಿಂದಿಯಲ್ಲಿ ಓದಿದರು, ಉಳಿದವರು ಇಂಗ್ಲಿಷಿನಲ್ಲಿ ಓದಿದರು. ಬಂದೋಬಸ್ತಿಗೆ ನಿಂತಿದ್ದ ಪೊಲೀಸಪ್ಪ ಮೂರನ್ನೂ ಓದಿದ. ಯಾರೂ ಹೊಟ್ಟೆ ಹಿಡಿದುಕೊಳ್ಳಲಿಲ್ಲ. ಯಾರೂ ಪಾಯಿಖಾನೆಯ ಕಡೆ ಓಡಲಿಲ್ಲ.

ಜಗದೇವಿ ಬ್ಯಾನರನ್ನು ಎರಡು ಸಲ ಓದಿ, ಕೈಮುಗಿದ ಅಂಬರೀಷರನ್ನೂ ಕಣ್ಣೊರೆಸಿಕೊಳ್ಳುವ ಅಂಬರೀಷರನ್ನೂ ನೋಡಿ, ಆಮೇಲೆ ಬೆವರುತ್ತಿದ್ದ ಅಂಬರೀಷರ ಕಡೆ ತಿರುಗಿದಳು. ಮೈಕಿಲ್ಲದ ಆಕೆಯ ದನಿ ಅಂಗಳದ ಕೊನೆಯವರೆಗೂ ಕೇಳಿತು. "ದೊಡ್ಡೋರು ಮಾತು ಮುಗಸೋತನ ಯಾರೂ ಏಳಬ್ಯಾಡ್ರಿ ಅಂತ ನಾನೇ ಹೇಳಿದ್ದೆ ಸರ್. ನಮ್ಮ ಹುಡುಗ್ರು ಇನ್ನಾ ಉಂಡೇ ಇಲ್ಲರಿ." ಶೆಡ್ಡಿನೊಳಗೆ ಕೊಪ್ಪರಿಗೆಯ ಮುಚ್ಚಳದ ಮೇಲೆ ಇಟ್ಟ ಕೆಂಡ ಕೂಡ ಕದಲಿರಲಿಲ್ಲ. ಆಕೆ ಮಡೆಪ್ಪನಿಂದ ಅದನ್ನು ತೆಗೆಸಿ, ಒಂದು ತಾಟಿಗೆ ಹುಗ್ಗಿ ತುಂಬಿಸಿ, ಮೇಲೆ ತುಪ್ಪ ಹಾಕಿಸಿ, ಎರಡೂ ಕೈಯಲ್ಲಿ ಹಿಡಿದು ಅವರ ಮುಂದೆ ಬಂದು ನಿಂತಳು. ಪೊಲೀಸಪ್ಪನೂ ಪಕ್ಕಕ್ಕೆ ಬಂದು ನಿಂತ. "ಮೂರು ತಾಸು ಮಾತಾಡಿ ದಣದೀರಿ," ಎಂದಳು ಜಗದೇವಿ. "ಮೊದಲ ತಾಟು ನಿಮ್ಮದ್ರಿ ಸರ್. ಉಣ್ರಿ."