ನೀಲಿ ಟೇಪಿನ ಕ್ರೇಟು

ಮೊದಲ ಚೀಟಿ ಸಿಕ್ಕಿದ್ದು ಎಲೆಕೋಸಿನ ಅಡಿಯಲ್ಲಿ. ಕೋಸಿನದೇ ಎಲೆಯಲ್ಲಿ ಸುತ್ತಿಟ್ಟ ಏಳು ಸ್ಟ್ರಾಬೆರಿ, ಜೊತೆಗೆ ಬೆರಳುದ್ದದ ಕಾಗದ. 'ತೋಟದಲ್ಲಿ ಮೊದಲು ಹಣ್ಣಾದವು ಈ ಏಳೇ. ಬೇರೆ ಯಾರಿಗೂ ಕೊಟ್ಟಿಲ್ಲ.'

ಕತ್ತರಿ ಅದನ್ನು ಮೂರು ಸಲ ಓದಿದಳು. ಅವಳು ಆ ಬೀದಿಯ ದರ್ಜಿ. ಕತ್ತರಿ ಎಂಬ ಅಡ್ಡಹೆಸರನ್ನು ಬೀದಿಯವರು ಅವಳ ನಾಲಿಗೆ ನೋಡಿ ಇಟ್ಟಿದ್ದರು. ಮೂವತ್ತನಾಲ್ಕು ವರ್ಷದಲ್ಲಿ ಯಾರೂ ಅವಳಿಗಾಗಿ ಏನನ್ನೂ ಮೊದಲು ತೆಗೆದಿಟ್ಟಿರಲಿಲ್ಲ. ಅಮ್ಮನಿಗೂ ತೋರಿಸದೆ ಏಳನ್ನೂ ತಾನೇ ತಿಂದಳು.

ಬೀದಿಯ ನಲವತ್ತು ಮನೆಗಳು ಸೇರಿ ನಗರದಾಚೆಯ ಒಂದು ತೋಟದ ಪಾಲುದಾರರಾಗಿದ್ದವು. ತೋಟ ಕೊಟ್ಟದ್ದನ್ನು ಎಲ್ಲರೂ ಹಂಚಿಕೊಳ್ಳಬೇಕು, ಹುಳ ತಿಂದರೆ ಎಲ್ಲರೂ ಒಟ್ಟಿಗೆ ತೆಪ್ಪಗಿರಬೇಕು, ಇಷ್ಟೇ ಒಪ್ಪಂದ. ಪ್ರತಿ ಗುರುವಾರ ಸಂಜೆ ತೋಟದವನು ವ್ಯಾನಿನಲ್ಲಿ ನಲವತ್ತು ಕ್ರೇಟು ತಂದು ಬೀದಿಯ ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ಇಳಿಸಿ, ಹಿಂದಿನ ವಾರದ ಖಾಲಿ ಕ್ರೇಟುಗಳನ್ನು ಹೇರಿಕೊಂಡು ಮುಂದಿನ ಬಡಾವಣೆಗೆ ಓಡುತ್ತಿದ್ದ. ಕ್ರೇಟುಗಳ ಮೇಲೆ ಹೆಸರಿಲ್ಲ. ಬಂದವರು ಒಂದೊಂದು ಎತ್ತಿಕೊಂಡು ಹೋಗುವುದು. ಹಂಚಿಕೆ ನೋಡಿಕೊಳ್ಳುತ್ತಿದ್ದವಳು ಎರಡನೇ ಮಹಡಿಯ ಟೀಚರ್. ಎಲ್ಲರೂ ಒಯ್ದಮೇಲೆ ಉಳಿದದ್ದು ತನಗೆ ಎಂದು ಅವಳೇ ನಿಯಮ ಮಾಡಿಕೊಂಡಿದ್ದಳು. ಅಷ್ಟು ಒಳ್ಳೆಯವಳು. ಒಳ್ಳೆಯವರಿಂದಾಗುವ ಅನಾಹುತ ಕೆಟ್ಟವರ ಕೈಲಿ ಆಗುವುದಿಲ್ಲ.

ಕತ್ತರಿಯ ಅಂಗಡಿಯ ಬಾಗಿಲು ಪಾರ್ಕಿಂಗಿಗೇ ತೆರೆಯುತ್ತಿತ್ತು. ಹೊಸ್ತಿಲಿನಿಂದ ನಾಲ್ಕು ಹೆಜ್ಜೆಗೆ ಟೀಚರ್ ಕೂರುವ ಟೇಬಲ್. ಆ ಟೇಬಲ್ಲಿಗೆ ತಾಗಿಸಿ ತೋಟದವನು ವಾರವೂ ಒಂದು ಕ್ರೇಟು ಇಡುತ್ತಿದ್ದ, ತಳಕ್ಕೆ ನೀಲಿ ಟೇಪು ಅಂಟಿಸಿದ್ದು. ಎಲ್ಲರಿಗಿಂತ ಮುಂಚೆ ಬಂದು ಕೈಗೆ ಹತ್ತಿರದ್ದನ್ನು ಎತ್ತಿಕೊಳ್ಳುವವಳು ಕತ್ತರಿ.

"ಮತ್ತೆ ಬೀಟ್‌ರೂಟಾ?" ಎಂದಳು ಮುಂದಿನ ಗುರುವಾರ, ಬಾಗಿಲಿಗೆ ಒರಗಿಕೊಂಡು. "ತಿಂದೂ ತಿಂದೂ ನಮ್ಮಮ್ಮ ಕೆಂಪಗಾಗಿದ್ದಾರೆ."

"ನೆಲ ಕೊಟ್ಟಿದ್ದು," ಎಂದ ತೋಟದವನು.

"ನೆಲದ ತಲೆಗೆ ಕಟ್ಟಬೇಡಿ. ಬಿತ್ತಿದ್ದು ಯಾರು?"

ಅವನು ನಕ್ಕ. ಅವನ ನೋಟ ಅವಳ ಕಡೆ ಬಂತು, ಬೆದರಿ ಕೆಳಗಿಳಿಯಿತು, ಮತ್ತೆ ಬಂತು. ಕತ್ತರಿ ಒಳಗೆ ಹೋಗಿ ಒಂದೇ ಗುಂಡಿಯ ಕಾಜನ್ನು ಎರಡು ಸಲ ಹೊಲಿದಳು.

ಖಾಲಿ ಕ್ರೇಟಿನಲ್ಲಿ ಅವಳ ಉತ್ತರ ಹೋಗಿತ್ತು. 'ಏಳೂ ತಿಂದೆ. ಎಂಟನೆಯದು ಎಲ್ಲಿ?' ಮರುವಾರ ಅವನದು ಬಂತು: 'ಇನ್ನೂ ಹಸಿರು. ಕಾಯುತ್ತೀರಾ?' ಅವಳು ಬರೆದಳು: 'ಕಾಯುವುದು ನನ್ನ ಜಾಯಮಾನದಲ್ಲಿಲ್ಲ. ಆದರೂ ಕಾಯುತ್ತೇನೆ.'

ಹೀಗೆ ಐದು ತಿಂಗಳು. ಬಾಯಲ್ಲಿ ಅಷ್ಟು ಚುರುಕಾದವಳು ಕಾಗದದ ಮೇಲೆ ಮೆತ್ತಗಾದಳು. ತನ್ನ ಬಗ್ಗೆ ಒಂದು ಸಾಲೂ ಬರೆಯಲಿಲ್ಲ. ಬರೆದದ್ದೆಲ್ಲ ಅವನ ಬಗ್ಗೆಯೇ. ಗುರುವಾರಗಳಲ್ಲಿ ಇಬ್ಬರೂ ಏನೂ ಆಗದವರಂತೆ ಬೀಟ್‌ರೂಟಿನ ಮಾತಾಡುತ್ತಿದ್ದರು. ಗುಟ್ಟನ್ನು ಎಷ್ಟು ಚೆನ್ನಾಗಿ ಕಾಯುತ್ತಾನಲ್ಲ ಎಂದು ಅವಳಿಗೆ ಹೆಮ್ಮೆ.

"ಏನೇ, ಬದನೆಕಾಯಿ ನೋಡ್ಕೊಂಡು ನಗ್ತಿದ್ದೀಯ?" ಎಂದರು ಅಮ್ಮ ಒಂದು ದಿನ.

"ನಿನ್ನ ಮುಖದ ಹಾಗೇ ಇದೆ, ಅದಕ್ಕೆ."

"ಆಗಲಿ. ನನ್ನ ಮುಖಕ್ಕಾದ್ರೂ ಒಬ್ಬ ಸಿಕ್ಕಿದ್ದ," ಎಂದರು ಅಮ್ಮ. ಮಗಳ ನಾಲಿಗೆ ಎಲ್ಲಿಂದ ಬಂತೆಂದು ಬೇರೆ ಹೇಳಬೇಕಿಲ್ಲ.

ಬೆಳೆಗಾಲದ ಕೊನೆಯ ಗುರುವಾರ ತೋಟದವನು ಕ್ರೇಟು ಇಳಿಸಿ ವ್ಯಾನ್ ಹತ್ತಲಿಲ್ಲ. ನೇರವಾಗಿ ಅವಳ ಅಂಗಡಿಗೆ ಬಂದ. ಕತ್ತರಿಯ ಎದೆ ಹೊಲಿಗೆ ಮಿಷಿನ್ನಿಗಿಂತ ಜೋರಾಗಿ ಬಡಿದುಕೊಂಡಿತು. ಸ್ಟೂಲಿನ ಮೇಲಿದ್ದ ಬಟ್ಟೆ ಸರಿಸಿ, ಕೂರಿ ಎಂದಳು. ಅವನು ಕೂರಲಿಲ್ಲ.

"ನಿಮ್ಮತ್ರ ಒಂದು ಮಾತು ಕೇಳ್ಬೇಕು. ನೀವು ಅವರಿಗೆ ಹತ್ತಿರದವರು."

"ಯಾರಿಗೆ?"

"ಟೀಚರಿಗೆ," ಎಂದು ತಗ್ಗಿದ ದನಿಯಲ್ಲಿ ಹೇಳಿದ. "ಅಷ್ಟು ಚೆನ್ನಾಗಿ ಬರೀತಾರೆ. ಎದುರಿಗೆ ಬಂದ್ರೆ ಮುಖ ಕೂಡ ಎತ್ತಲ್ಲ. ಇವತ್ತು ಕೇಳಿಬಿಡ್ಲಾ? ಹ್ಞೂಂ ಅಂತಾರಾ?"

ಕತ್ತರಿ ಕೈಯಲ್ಲಿದ್ದ ಬಟ್ಟೆಯನ್ನು ಕೆಳಗಿಟ್ಟಳು. "ಬರೆಯೋದಾ?"

"ಟೇಬಲ್ ಹತ್ರ ಇಡೋ ಕ್ರೇಟು ಅವರದ್ದಲ್ವಾ? ಅವರಿಗೇ ಅಂತ ನೀಲಿ ಟೇಪು ಹಾಕಿ ಇಡ್ತಿದ್ದೆ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡಂತೆ, ಅವಳ ಕೈ ಮೇಜಿನ ಮೇಲೆ ಚೀಟಿಗಳನ್ನು ಬಚ್ಚಿಟ್ಟಿದ್ದ ಗುಂಡಿ ಡಬ್ಬವನ್ನು ಮುಚ್ಚಿತು. ಅವನ ಹಿಂದೆ ಬಾಗಿಲು, ಬಾಗಿಲಾಚೆ ಟೇಬಲ್, ಟೇಬಲ್ಲಿನಲ್ಲಿ ಟೀಚರ್. ಐದು ತಿಂಗಳೂ ಅವನ ನೋಟ ಆ ಟೇಬಲ್ಲಿನವರೆಗೆ ಮಾತ್ರ ಬಂದಿತ್ತು. ಉಳಿದ ನಾಲ್ಕು ಹೆಜ್ಜೆಯನ್ನು ಇವಳೇ ಸೇರಿಸಿಕೊಂಡಿದ್ದಳು. ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು.

ಸುಮ್ಮನಿದ್ದುಬಿಡಬಹುದಿತ್ತು. ಸುಮ್ಮನಿರುವುದು ಅವಳಿಗೆ ಬಂದಿದ್ದರೆ ಕತ್ತರಿ ಎಂಬ ಹೆಸರೇ ಬರುತ್ತಿರಲಿಲ್ಲ.

"ಟೀಚರ್ ತಗೊಳ್ಳೋದು ಕೊನೇ ಕ್ರೇಟು. ನೀಲಿ ಟೇಪಿಂದು ನಾನು ತಗೋತಿದ್ದೆ. ಉತ್ತರ ಬರೆದಿದ್ದೂ ನಾನೇ. ನಂಗೇ ಅಂದ್ಕೊಂಡು ಬರೆದೆ. ಪ್ರತಿ ಸಾಲೂ ನಿಜ."

ಅವನು ತಲೆ ತಗ್ಗಿಸಿದ. ಅವಳು ಕಾದಳು. ಆ ಒಂದು ಗಳಿಗೆ ಅವಳಿಗೆ ಎಲ್ಲವೂ ಸಾಧ್ಯವೆಂದೇ ತೋರಿತು. ಬರೆದವಳನ್ನು ಈಗಲಾದರೂ ತಲೆಯೆತ್ತಿ ನೋಡುತ್ತಾನೆ ಎಂದುಕೊಂಡಳು.

"ಹಾಗಾದ್ರೆ ಅವರಿಗೆ ಒಂದು ಹಣ್ಣೂ ಸಿಕ್ಕಿಲ್ವಾ?" ಎಂದ.

"ಇಲ್ಲ. ಎಲ್ಲಾ ನಾನೇ ತಿಂದೆ. ಚೆನ್ನಾಗಿದ್ವು."

"ನನ್ನ ಚೀಟಿಗಳು ಇದ್ರೆ ಕೊಡ್ತೀರಾ? ಬರೆದಿದ್ದು ಅವರಿಗೆ."

ಕತ್ತರಿ ಗುಂಡಿ ಡಬ್ಬ ಬಗ್ಗಿಸಿ, ಇಪ್ಪತ್ತೊಂದು ಚೀಟಿ ಆರಿಸಿ, ದಾರ ಸುತ್ತಿ ಕೊಟ್ಟಳು. "ಹಾಗಿದ್ರೆ ನಂದೂ ವಾಪಸ್ ಕೊಡಿ."

ಅವನು ಎದೆಯ ಜೇಬನ್ನು ಕೈಯಿಂದ ಒತ್ತಿ ಹಿಡಿದ. "ಅವನ್ನ ಕೊಡಕ್ಕಾಗಲ್ಲ. ಓದುವಾಗೆಲ್ಲ ಅವರ ದನಿನೇ ಕೇಳ್ತಿತ್ತು ನಂಗೆ. ತಪ್ಪು ತಿಳ್ಕೋಬೇಡಿ."

ಕೆಟ್ಟವನಾಗಿದ್ದರೆ ಬೈದು ಹಗುರಾಗಬಹುದಿತ್ತು. ಕತ್ತರಿಯ ಕಣ್ಣು ತುಂಬಿತು, ಅದನ್ನು ಅವನು ನೋಡಲಿಲ್ಲ. ಹೊರಗೆ ಹೋಗಿ ಚೀಟಿಯ ಕಟ್ಟನ್ನು ಟೀಚರ್ ಕೈಗಿಟ್ಟು, ಏನೋ ತೊದಲಿ, ವ್ಯಾನಿನ ಪಕ್ಕ ನಿಂತುಕೊಂಡ.

ಹತ್ತು ನಿಮಿಷಕ್ಕೆ ಟೀಚರ್ ಒಳಗೆ ಬಂದಳು. ಕೆನ್ನೆ ಕೆಂಪಾಗಿತ್ತು.

"ಗೊತ್ತಿಲ್ದೆ ನೀನು ಇಟ್ಕೊಂಡಿದ್ಯಂತೆ. ಹೋಗ್ಲಿ ಬಿಡು, ಪಾಪ, ನಂಗೇನೂ ಬೇಜಾರಿಲ್ಲ," ಎಂದು ಅವಳ ಭುಜ ತಟ್ಟಿದಳು. "ಆದ್ರೆ ನಾನು ಅವರನ್ನ ಸರಿಯಾಗಿ ನೋಡೇ ಇಲ್ಲ ಕಣೇ. ಏನಂತ ಉತ್ತರ ಕೊಡ್ಲಿ? ನಿಂಗೆ ಮಾತು ಚೆನ್ನಾಗಿ ಬರುತ್ತೆ. ಎರಡು ಸಾಲು ಬರ್ಕೊಡು."

"ಬರೆಯೋದೆಲ್ಲ ನಾನು ಬರೆದಾಗಿದೆ," ಎಂದಳು ಕತ್ತರಿ. "ಅವರ ಜೇಬಲ್ಲಿದೆ. ಇಸ್ಕೊಂಡು ಓದು."

ಚುಚ್ಚಲೆಂದೇ ಹೇಳಿದ ಮಾತು. ಆ ಒಳ್ಳೆಯ ಮನಸ್ಸು ಒಂದು ಸಲವಾದರೂ ನೋಯಲಿ, ಅವನೂ ನಾಚಿಕೆಯಿಂದ ಕುಗ್ಗಲಿ ಎಂದು ಬಾಗಿಲಿಗೆ ಬಂದು ನಿಂತು ನೋಡಿದಳು.

ಟೀಚರ್ ವ್ಯಾನಿನ ಹತ್ತಿರ ಹೋಗಿ ಕೈ ಚಾಚಿದಳು. ಅವನು ಹಿಂದೆಮುಂದೆ ನೋಡಿ ಜೇಬಿನಿಂದ ತೆಗೆದು ಕೊಟ್ಟ. ಟೀಚರ್ ಒಂದು ಓದಿದಳು, ಎರಡು ಓದಿದಳು. ಮೂರನೆಯದರಲ್ಲಿ ನಿಂತಳು. ಯಾವುದೆಂದು ಕತ್ತರಿಗೆ ಅಲ್ಲಿಂದಲೇ ತಿಳಿಯಿತು. 'ನಗು ನಿಮಗೆ ಮೊದಲು ಎಡತುಟಿಗೆ ಬರುತ್ತದೆ. ಬಲಗಡೆಯದು ಅಪ್ಪಣೆ ಕೇಳಿ ಬಂದ ಹಾಗೆ ಆಮೇಲೆ ಬರುತ್ತದೆ. ನಾನು ಆ ನಡುವಿನ ಹೊತ್ತಿಗಾಗಿ ಗುರುವಾರದವರೆಗೆ ಕಾಯುತ್ತೇನೆ.'

ಟೀಚರ್ ಕಾಗದದಿಂದ ತಲೆಯೆತ್ತಿ ಅವನ ತುಟಿ ನೋಡಿದಳು. ಅವನಿಗೆ ಏನು ಮಾಡಬೇಕೆಂದು ತೋಚದೆ ನಗು ಬಂತು, ಮೊದಲು ಎಡಕ್ಕೆ. ಟೀಚರ್ ನೋಡುತ್ತಲೇ ಇದ್ದಳು, ಬಲಗಡೆಯದೂ ಬರುವ ತನಕ. ಕತ್ತರಿ ಬರೆದದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.